ಸೊನ್ನೆ ಹಚ್ಚದೆ ವಾರ್ನಿಂಗ್ ಇಳಿಸಿದ್ದು

ಪೀಣ್ಯದಲ್ಲಿ ತಯಾರಾಗುವ ಮೀಟರ್ ಬೋರ್ಡಿನ ಸಿ ಕೋಡ್, ಹತ್ತಿರಹತ್ತಿರ 90 ಸಾವಿರ ಸಾಲು. ಜಿಸಿಸಿ ಕಂಪೈಲರ್‌ಗೆ ಡಬ್ಲ್ಯೂ-ಆಲ್ (ಸಾಮಾನ್ಯ ವಾರ್ನಿಂಗ್‌ಗಳನ್ನು ತೋರಿಸು) ಜೊತೆ ಓ2 (ಕೋಡ್ ಚುರುಕುಗೊಳಿಸು) ಹಾಕಿದರೆ ‘ಮೇಬಿ ಅನ್‌ಇನಿಷಿಯಲೈಸ್ಡ್’, ಅಂದರೆ ಬೆಲೆ ಕೊಡದೇ ವೇರಿಯಬಲ್ ಬಳಸಿರಬಹುದು ಅನ್ನುವ ವಾರ್ನಿಂಗ್, ಸುಮಾರು 340. ಚುರುಕುಗೊಳಿಸದ ಓ0 ಡಿಬಗ್ ಬಿಲ್ಡ್‌ನಲ್ಲಿ ಇವುಗಳಲ್ಲಿ ಹೆಚ್ಚಿನವು ಬರುವುದೇ ಇಲ್ಲ, ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ‘ಎಲ್ಲಕ್ಕೂ = 0 ಹಚ್ಚಿ, ಊಟದೊಳಗೆ ಮುಗಿಯುತ್ತೆ’ ಅಂದವರೇ ಎಲ್ಲ. ಮೊದಲ ನಲವತ್ತಕ್ಕೆ ನಾನೂ ಹಚ್ಚಿದೆ. ದುಬಾರಿಯಾಯಿತು.

ಸೆನ್ಸರ್ ಓದುವ ಫಂಕ್ಷನ್‌ನಲ್ಲಿ ರಿಟರ್ನ್ ಬೆಲೆಗೆ ಬರೀ ‘ಇಂಟ್ ರೆಟ್;’, ಕೆಳಗೆ ಮೋಡ್ ಮೇಲೆ ಸ್ವಿಚ್, ಮೂರು ಕೇಸ್. ಮೋಡ್‌ಗಳ ಪಟ್ಟಿಯಾದ ಇನಮ್‌ಗೆ ನಾಲ್ಕನೆಯ ಮೋಡ್ ಸೇರಿದೆ, ಸ್ವಿಚ್‌ಗೆ ಸೇರಿಲ್ಲ. ಡಿಫಾಲ್ಟ್‌ನಲ್ಲಿ ಬರೀ ಬ್ರೇಕ್ ಇದ್ದದ್ದರಿಂದ ಬಿಟ್ಟುಹೋದ ಕೇಸ್ ಹಿಡಿಯುವ ಡಬ್ಲ್ಯೂ-ಸ್ವಿಚ್ ವಾರ್ನಿಂಗ್ ಕೂಡ ಬಾಯಿ ಬಿಡಲಿಲ್ಲ. ರೆಟ್‌ಗೆ ಸೊನ್ನೆ ಕೊಟ್ಟೊಡನೆ ವಾರ್ನಿಂಗ್ ಮಾಯ. ಆದರೆ ನಮ್ಮಲ್ಲಿ ಸೊನ್ನೆ ಅಂದರೆ ಸಕ್ಸಸ್! ಓದದೇ ಇದ್ದ ರೀಡಿಂಗ್ ಸರಿಯಾಗಿದೆ ಅಂತಲೇ ಮೇಲೆ ಹೋಯಿತು. ವಾಪಸ್ ಬಂದ ಬೋರ್ಡ್ ಒಂದಕ್ಕೆ ಸಾಗಣೆ, ರಿಪೇರಿ ಸೇರಿ 1,800 ರೂಪಾಯಿ; ಬಂದದ್ದು ಮೂವತ್ತರ ಮೇಲೆ.

ನಲವತ್ತನ್ನೂ ರಿವರ್ಟ್ ಮಾಡಿದೆ. ಡಿಫಾಲ್ಟ್ ಕಿತ್ತು, ಪ್ರತಿ ಕೇಸ್‌ನಿಂದಲೇ ರಿಟರ್ನ್ ಮಾಡಿಸಿ, ಸ್ವಿಚ್ ದಾಟಿದ ಮೇಲೆ ಮೈನಸ್ ಇಇನ್‌ವ್ಯಾಲ್ (ತಪ್ಪು ಬೆಲೆ ಬಂದಿದೆ ಅನ್ನುವ ಎರರ್ ಕೋಡ್) ಇಟ್ಟೆ. ರೆಟ್ ಅನ್ನೋ ವೇರಿಯಬಲ್ಲೇ ಹೋಯಿತು. ಇನ್ನು ಯಾರಾದರೂ ಮೋಡ್ ಸೇರಿಸಿ ಮರೆತರೆ ಕಂಪೈಲರೇ ಕೂಗುತ್ತದೆ.

ಮಿಕ್ಕವುಗಳಲ್ಲಿ ಅರ್ಧದಷ್ಟು ಜೋಡಿ ಇಫ್‌ಗಳದ್ದು: ಮೊದಲ ಇಫ್‌ನಲ್ಲಿ ಬೆಲೆ ಕೊಟ್ಟು, ಹತ್ತು ಸಾಲು ಬಿಟ್ಟು ಅದೇ ಷರತ್ತಿನ ಇನ್ನೊಂದರಲ್ಲಿ ಬಳಸುವುದು. ನಡುವೆ ಬೇರೆ ಕಾಲ್ ಇದ್ದರೆ ಷರತ್ತು ಬದಲಾಗಿಲ್ಲ ಅಂತ ಜಿಸಿಸಿಗೆ ಖಾತ್ರಿಯಾಗದು. ಎರಡನ್ನೂ ಒಂದು ಮಾಡಿ. ಎರರ್ ಬಂದಾಗ ಫಂಕ್ಷನ್ ಕೊನೆಗೆ ಹಾರುವ ‘ಗೋಟು ಔಟ್’ ಹಾದಿಯಲ್ಲಿ ಫ್ರೀ ಆಗುವ ಪಾಯಿಂಟರ್‌ಗೆ ಮಾತ್ರ ಮೊದಲೇ ನಲ್ ಕೊಡುವುದೇ ಸರಿ, ಫ್ರೀಗೆ ನಲ್ ಹೋದರೆ ಏನೂ ಆಗುವುದಿಲ್ಲ. ‘ಇಂಟ್ ಎಕ್ಸ್ = ಎಕ್ಸ್’ ಚಮತ್ಕಾರ ಬೇಡ; ಜಿಸಿಸಿ ಸುಮ್ಮನಾಗುತ್ತದೆ, ಕಸ ಅಲ್ಲೇ ಇರುತ್ತದೆ.

ನಡುವೆ ಒಂದು ಪ್ರಯೋಗ: ಬೆಲೆ ಕೊಡದ ಲೋಕಲ್ ವೇರಿಯಬಲ್‌ಗೆ ಕಂಪೈಲರೇ ಬೆಲೆ ತುಂಬುವ, ಜಿಸಿಸಿ 12ರಲ್ಲಿ ಬಂದ ‘ಎಫ್-ಟ್ರಿವಿಯಲ್-ಆಟೋ-ವಾರ್-ಇನಿಟ್’ ಆಯ್ಕೆಯನ್ನು ಪ್ಯಾಟರ್ನ್‌ಗೆ ಇಟ್ಟು ರಾತ್ರಿಯ ಟೆಸ್ಟ್ ಓಡಿಸಿದೆ. ಬೆಲೆ ಕೊಡದ ಬೈಟ್‌ಗಳೆಲ್ಲ ಎಫ್‌ಇ ಆಗುತ್ತವೆ, ವಾರ್ನಿಂಗ್‌ಗಳು ಎಂದಿನಂತೆ ಬರುತ್ತವೆ. ಎರಡು ಟೆಸ್ಟ್ ಬಿದ್ದವು. ಎರಡೂ ನಿಜವಾದ ಬಗ್. ಇಂಥ ಬಗ್ ಹುಡುಕಲು ತರಿಸಿದ್ದ, ವರ್ಷಕ್ಕೆ ಆರೇಳು ಲಕ್ಷದ ಟೂಲ್ ಕೊಟೇಶನ್ ಅಲ್ಲಿಗೆ ಮಡಚಿಟ್ಟಾಯಿತು.

ಯಾವ ಫೈಲ್ ಮೊದಲು ಹಿಡಿಯಬೇಕು ಅಂತ ಲಾಗ್‌ನಿಂದ ಹೆಕ್ಕುವ ಸ್ಕ್ರಿಪ್ಟ್ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ. ಈಗ ಉಳಿದಿರುವುದು ಹನ್ನೊಂದು ವಾರ್ನಿಂಗ್, ಎಲ್ಲ ಚಿಪ್ ವೆಂಡರ್ ಹೆಡರ್‌ನವು. ಆ ಹೆಡರ್‌ಗಳನ್ನು ಜಿಸಿಸಿ ವಾರ್ನಿಂಗ್ ಕೊಡದ ಸಿಸ್ಟಮ್ ಇನ್‌ಕ್ಲೂಡ್‌ಗೆ ತಳ್ಳಿ, ನಮ್ಮ ಕೋಡಿಗೆ ವಾರ್ನಿಂಗ್ ಬಂದರೆ ಬಿಲ್ಡೇ ನಿಲ್ಲಿಸುವ ಡಬ್ಲ್ಯೂ-ಎರರ್ ಹಾಕಿಬಿಟ್ಟಿದ್ದೇನೆ.