ಹಳೇ ಜಪಾನಿ ಕೋಟುಗಳನ್ನು ಕನ್ನಡಕ್ಕೆ ತಂದ ಬಗೆ

ಮೇಜಿ, ತೈಶೋ ಕಾಲದ, ಅಂದರೆ 1868ರಿಂದ 1926ರವರೆಗಿನ ಜಪಾನಿ ಕಥೆಗಳನ್ನು ಅನುವಾದಿಸುವಾಗ ನನ್ನನ್ನು ಜಾಸ್ತಿ ಕಾಡಿದ್ದು ಕೋಟುಗಳು. ಇವತ್ತಿನ ಜಪಾನಿನಲ್ಲಿ ‘ಕೋತೊ’ ಅಂದರೆ ಸಾಕು. ಆ ಕಥೆಗಳಲ್ಲಿ ಅಧಿಕಾರಿ ಗೈತೋ ಹಾಕಿರುತ್ತಾನೆ, ವ್ಯಾಪಾರಿ ತೊಂಬಿ, ಓದುವ ಹುಡುಗ ಮಾಂತೊ. ಮೂರಕ್ಕೂ ‘ಕೋಟು’ ಅಂತ ಬರೆದರೆ ಮೂವರೂ ಒಂದೇ ಥರ ಕಾಣುತ್ತಾರೆ, ಅಲ್ವಾ?

ನಿಘಂಟು ನೋಡಿದರೆ ಎಲ್ಲವೂ ‘ಮೇಲಂಗಿ’. ಅದಕ್ಕೇ ನಾನು ಅಓಜೋರಾ ಬುಂಕೊ ಅನ್ನುವ ಜಪಾನಿ ಜಾಲತಾಣದಲ್ಲಿ ಹುಡುಕುತ್ತೇನೆ. ಹಕ್ಕುಸ್ವಾಮ್ಯ ಮುಗಿದ ಸಾವಿರಾರು ಹಳೇ ಬರಹಗಳನ್ನು ಅಲ್ಲಿ ಪುಕ್ಕಟೆ ಓದಬಹುದು. ಪದ ಸಿಕ್ಕ ಕಡೆಯೆಲ್ಲ ಎರಡು ಪ್ರಶ್ನೆ ಹಾಕಿಕೊಳ್ಳುತ್ತೇನೆ. ತೊಟ್ಟವರು ಯಾರು? ಒಳಗೆ ಏನು ಹಾಕಿದ್ದಾರೆ?

ತೊಂಬಿಯ ಒಗಟು ಬಿಚ್ಚಿಕೊಂಡಿದ್ದು ಎರಡನೇ ಪ್ರಶ್ನೆಯಿಂದ. ಕಿಮೊನೊದ ತೋಳು ಬಲು ಅಗಲ, ಮಾಮೂಲಿ ಕೋಟಿನ ತೋಳಿಗೆ ತೂರುವುದಿಲ್ಲ. ತೋಳಿನ ಬದಲು ಭುಜದಿಂದ ಕೇಪು ಇಳಿಬಿಟ್ಟ ಸ್ಕಾಟ್ಲೆಂಡಿನ ಇನ್ವರ್ನೆಸ್ ಕೋಟು ಮೇಜಿ ಕಾಲದಲ್ಲಿ ಬಂತು. ಕಿಮೊನೊ ಮೇಲೆ ಸರಿಯಾಗಿ ಕೂತಿತು. ತೊಂಬಿ ಅಂದರೆ ಹದ್ದು. ಕೈ ಎತ್ತಿದರೆ ಕೇಪು ರೆಕ್ಕೆಯಂತೆ ಬಿಚ್ಚಿಕೊಳ್ಳುತ್ತದೆ. ನಿಜೂಮವಾಶಿ ಅನ್ನುವ ಕೋಟೂ ಇದೇ ಥರದ್ದು. ಅನುವಾದದಲ್ಲಿ ‘ತೊಂಬಿ’ ಅಂತಲೇ ಬಿಟ್ಟು, ಮೊದಲ ಸಲ ಬಂದಾಗ ‘ಕೇಪಿನ ರೆಕ್ಕೆ ಸರಿಸಿ ಕೈ ಹೊರಗೆ ಹಾಕಿದ’ ಅಂತ ಸೇರಿಸಿದೆ. ಅಡಿಟಿಪ್ಪಣಿ ನನಗೆ ಸೇರುವುದಿಲ್ಲ.

ಮಾಂತೊ ನೋಡಬೇಕಾದರೆ ಜಪಾನಿನ ಅತಮಿ ಊರಿನ ಕಡಲತೀರದ ಕಂಚಿನ ಪ್ರತಿಮೆಯ ಫೋಟೊ ಸಾಕು. ವಿದ್ಯಾರ್ಥಿಯ ಟೋಪಿ, ಕಾಲಲ್ಲಿ ಗೆತಾ ಅನ್ನುವ ಮರದ ಚಪ್ಪಲಿ, ಹೆಗಲ ಮೇಲೆ ತೋಳಿಲ್ಲದ ಮಾಂತೊ. ಗೈತೋ ಸುಲಭ. ಸೈನಿಕರ ಉದ್ದನೆಯ ಕೋಟಿಗೂ ಅದೇ ಹೆಸರು, ‘ಓವರ್‌ಕೋಟು’ ನಡೆಯುತ್ತದೆ.

ಮಳೆಯದ್ದು ಬೇರೆ ಕಥೆ. ಮಳೆಗೆ ಹಾಕುವ ‘ಕಪ್ಪಾ’ ಅಂದರೆ ಪೋರ್ಚುಗೀಸರ ‘ಕಾಪಾ’. 16ನೇ ಶತಮಾನದಲ್ಲಿ ಜಪಾನಿಗೆ ಹೋಯಿತು. ಎಣ್ಣೆ ಹಚ್ಚಿದ ಕಾಗದದಲ್ಲೂ ಕಪ್ಪಾ ಮಾಡುತ್ತಿದ್ದರು. ರೈತರ ಹುಲ್ಲಿನ ‘ಮಿನೊ’ಗೆ ಮಲೆನಾಡಿನ ‘ಗೊರಬು’ ಅಂತ ಬರೆಯುವ ಆಸೆ ಬಂದಿತ್ತು. ಆದರೆ ಗೊರಬು ತಲೆಯನ್ನೂ ಬೆನ್ನನ್ನೂ ಒಟ್ಟಿಗೆ ಮುಚ್ಚುತ್ತದೆ. ಮಿನೊ ಹೆಗಲಿಂದ ಕೆಳಗೆ ಮಾತ್ರ, ತಲೆಗೆ ಬೇರೆ ಟೋಪಿ. ಕಥೆಯಲ್ಲಿ ಆ ಟೋಪಿ ಗಾಳಿಗೆ ಹಾರಬೇಕಿತ್ತು! ‘ಹುಲ್ಲಿನ ಹೊದಿಕೆ’ ಅಂತಲೇ ಬರೆದೆ.

ಆಮೇಲಿನ ಕಾಲದ ಕಥೆಗಳಲ್ಲಿ ತೊಂದರೆ ಬೇರೆ. ಅಜ್ಜ ‘ಚೊಕ್ಕಿ’ ಅನ್ನುವುದನ್ನೇ ಮೊಮ್ಮಗ ‘ಬೆಸುತೊ’ ಅನ್ನುತ್ತಾನೆ. ಗಿಡ್ಡ ಜಾಕೆಟ್ಟಿಗೆ ಅಜ್ಜ ‘ಜಂಪಾ’ ಅಂದರೆ ಮೊಮ್ಮಗನಿಗೆ ಅದು ‘ಬುರುಜೊನ್’. ಸದ್ಯಕ್ಕೆ ಅಜ್ಜನಿಗೆ ‘ವೇಸ್ಟ್‌ಕೋಟು’, ಮೊಮ್ಮಗನಿಗೆ ‘ವೆಸ್ಟ್’ ಕೊಟ್ಟಿದ್ದೇನೆ. ಜಂಪಾಗೆ ಇನ್ನೂ ಹುಡುಕುತ್ತಿದ್ದೇನೆ.