ಸಣ್ಣ ವಾಟಿನ ಟ್ಯೂಬ್ ಆಂಪ್ ಆರಿಸುವ ಬಗೆ

ಐದು ವಾಟ್ ಅಂದಮೇಲೆ ಸದ್ದು ಕಡಿಮೆಯೇ ಇರುತ್ತದೆ ಎಂದುಕೊಂಡು ಗಿಟಾರಿಗೆ ಟ್ಯೂಬ್ ಆಂಪ್ (ಗಾಜಿನ ನಿರ್ವಾತ ಟ್ಯೂಬ್‌ಗಳಿಂದ ಸದ್ದು ಹಿಗ್ಗಿಸುವ ಆಂಪ್ಲಿಫೈಯರ್) ಹುಡುಕುತ್ತಿದ್ದರೆ ಆ ನಂಬಿಕೆಯನ್ನು ಮೊದಲು ಬದಿಗಿಡಿ. ಗಿಟಾರಿಗೆಂದೇ ಮಾಡಿದ ಒಳ್ಳೆಯ 12 ಇಂಚಿನ ಸ್ಪೀಕರಿಗೆ ಒಂದೇ ಒಂದು ವಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 97–98 ಡೆಸಿಬೆಲ್ ಸದ್ದು ಬರುತ್ತದೆ. ಐದು ವಾಟ್ ಕೊಟ್ಟರೆ 105ರ ಹತ್ತಿರ ಹೋಗುತ್ತದೆ. ಮಲಗುವ ಕೋಣೆಯಲ್ಲಿ ಅದರೆದುರು ಕೂತು ಸ್ವಲ್ಪ ಹೊತ್ತು ನುಡಿಸಿ, ಕಿವಿ ಗುಂಯ್ ಅನ್ನಲು ಶುರುವಾಗುತ್ತದೆ.

ವಾಟಿಗೂ ಸದ್ದಿಗೂ ನೇರ ಲೆಕ್ಕವಿಲ್ಲ. ವಾಟ್ ದುಪ್ಪಟ್ಟಾದರೆ ಏರುವುದು ಬರೀ 3 ಡೆಸಿಬೆಲ್. ಸದ್ದು ಎರಡರಷ್ಟು ಜೋರಾಯಿತು ಎಂದು ಕಿವಿಗೆ ಅನ್ನಿಸಬೇಕಾದರೆ ವಾಟ್ ಸುಮಾರು ಹತ್ತರಷ್ಟಾಗಬೇಕು. 50 ವಾಟಿನ ಆಂಪ್ 5 ವಾಟಿನದಕ್ಕಿಂತ ಸುಮಾರು ಎರಡು ಪಟ್ಟು ಜೋರು, ಅಷ್ಟೇ.

ಹಾಗಿದ್ದೂ ಕೇಳಿದವರಿಗೆಲ್ಲ ನಾನು ಸಣ್ಣ ಆಂಪನ್ನೇ ಹೇಳುವುದಕ್ಕೆ ಕಾರಣವಿದೆ. ಟ್ಯೂಬ್ ಆಂಪಿನ ಜೀವ ಇರುವುದು ಅದು ಬೆವರುವ ಜಾಗದಲ್ಲಿ. ಸ್ಪೀಕರಿಗೆ ಬಲ ಕೊಡುವ ಪವರ್ ಟ್ಯೂಬ್, ಆ ಬಲವನ್ನು ಸ್ಪೀಕರಿಗೆ ಹೊಂದಿಸಿ ಕಳಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಮೂರೂ ಮೈಬಗ್ಗಿಸಿ ದುಡಿಯುವಾಗ ತಂತಿಯನ್ನು ಮೆಲ್ಲಗೆ ಮೀಟಿದರೆ ತಿಳಿಯಾದ ನಾದ, ಗಟ್ಟಿಯಾಗಿ ಮೀಟಿದರೆ ಅಂಚಿನಲ್ಲಿ ಒಡೆಯುವ ನಾದ, ಅಂದರೆ ಡಿಸ್ಟಾರ್ಷನ್, ಬರುತ್ತದೆ. ನಡುವಿನದೆಲ್ಲ ಬೆರಳಿಗೆ ಬಿಟ್ಟದ್ದು. ದೊಡ್ಡ ಆಂಪಿನಲ್ಲಿ ಆ ಜಾಗ ಮುಟ್ಟಬೇಕಾದರೆ ಸಭಾಂಗಣ ಬೇಕು. ಹಾಗಾಗಿ ಆಂಪ್ ಆರಿಸುವಾಗ ನಾನು ಕೇಳುವ ಪ್ರಶ್ನೆ ಒಂದೇ: ನೀವು ದಿನವೂ ನುಡಿಸುವ ಸದ್ದಿನಲ್ಲಿ ಈ ಆಂಪಿನ ವಾಲ್ಯೂಮ್ ನಾಬ್ ಎಲ್ಲಿ ನಿಲ್ಲುತ್ತದೆ? ಎರಡರಲ್ಲೇ ನಿಂತರೆ ಅದು ನಿಮಗೆ ದೊಡ್ಡದಾಯಿತು. ನಾಲ್ಕರಿಂದ ಏಳರ ನಡುವೆ ನಿಂತರೆ ಮಾತು ಮುಂದುವರಿಸಬಹುದು.

ನನ್ನ ಕಿವಿ ಎಂಥದ್ದು ಎಂದು ಹೇಳಿಬಿಡುತ್ತೇನೆ, ಆಮೇಲೆ ನನ್ನ ಮಾತನ್ನು ತೂಗಿ ನೋಡಲು ಅನುಕೂಲ. ನಾನು ನುಡಿಸುವುದು ಟೆಲಿಕಾಸ್ಟರ್ ಗಿಟಾರ್, ಹೆಚ್ಚಾಗಿ ಪಿಕ್ ಇಲ್ಲದೆ, ಆಗಾಗ ಸ್ಲೈಡ್. ಆಂಪಿನ ಮುಂದೆ ಒಂದು ಎಕೋ ಪೆಡಲ್ ಬಿಟ್ಟರೆ ಬೇರೇನಿಲ್ಲ. ಬಿಡುವಿನಲ್ಲಿ ಬೇರೆಯವರ ಟ್ಯೂಬ್ ಆಂಪ್‌ಗಳನ್ನು ಬಿಚ್ಚಿ ರಿಪೇರಿ ಮಾಡುತ್ತೇನೆ. ಭಾರಿ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಇಟ್ಟು ಮೆಟಲ್ ನುಡಿಸುವವರಿಗೆ ಇಲ್ಲಿನ ಅರ್ಧ ಮಾತು ಹೊಂದದು. ಅವರ ಡಿಸ್ಟಾರ್ಷನ್ ಹುಟ್ಟುವುದೇ ಪವರ್ ಟ್ಯೂಬಿಗಿಂತ ಮುಂಚಿನ ಹಂತವಾದ ಪ್ರಿಆಂಪಿನಲ್ಲಿ, ಅದರ ನಂತರ ಸದ್ದು ಇಳಿಸುವ ಒಳ್ಳೆಯ ಮಾಸ್ಟರ್ ವಾಲ್ಯೂಮ್ ಇದ್ದರೆ ಅವರಿಗೆ ಸಾಕು.

ಮೂಲ ಸರ್ಕ್ಯೂಟ್ ಯಾವುದು?

ಸಣ್ಣ ತಯಾರಕರು ಕೈಯಲ್ಲೇ ಮಾಡಿದ ಬೂಟೀಕ್ ಆಂಪ್‌ಗಳ ಹೆಸರು ನೂರಿರಬಹುದು, ಬೇರು ಮಾತ್ರ ಕೆಲವೇ. ಮೊದಲು ಬೇರು ಕೇಳಿ. ಉತ್ತರ ಬಂದಕೂಡಲೇ ಆಂಪಿನ ಅರ್ಧ ಸ್ವಭಾವ ತಿಳಿದುಬಿಡುತ್ತದೆ.

ಅತಿ ಚಿಕ್ಕದು ಫೆಂಡರ್ ಚ್ಯಾಂಪ್ ವಂಶ. ಪೆಟ್ಟಿಗೆಗೆ ಟ್ವೀಡ್ ಬಟ್ಟೆ ಹೊದಿಸುತ್ತಿದ್ದ ಕಾಲದ 5ಎಫ್1 ಚ್ಯಾಂಪಿನಲ್ಲಿ ಇರುವುದು ಒಂದು 12ಎಎಕ್ಸ್7 ಪ್ರಿಆಂಪ್ ಟ್ಯೂಬ್, ಒಂದು 6ವಿ6 ಪವರ್ ಟ್ಯೂಬ್, ಎಸಿಯನ್ನು ಡಿಸಿ ಮಾಡುವ ಒಂದು 5ವೈ3 ರೆಕ್ಟಿಫೈಯರ್ ಟ್ಯೂಬ್, 8 ಇಂಚಿನ ಸ್ಪೀಕರ್, ಒಂದೇ ಒಂದು ನಾಬ್. ಸುಮಾರು 5 ವಾಟ್. ಪವರ್ ಟ್ಯೂಬ್ ಒಂದೇ ಇರುವ ಇಂಥವು ಸಿಂಗಲ್ ಎಂಡೆಡ್. ಎರಡು ಟ್ಯೂಬ್ ಎದುರುಬದುರು ದುಡಿಯುವ ಪುಷ್‌ಪುಲ್‌ನಲ್ಲಿ ಔಟ್‌ಪುಟ್ ಹಂತದ ಸಮ ಹಾರ್ಮಾನಿಕ್‌ಗಳು (ಮೂಲ ಸ್ವರದ ಎರಡು, ನಾಲ್ಕು ಪಟ್ಟಿನ ಉಪಸ್ವರಗಳು) ಬಹುಪಾಲು ಒಂದನ್ನೊಂದು ಅಳಿಸಿಕೊಳ್ಳುತ್ತವೆ, ಇಲ್ಲಿ ಅವು ಉಳಿಯುತ್ತವೆ. ಅದಕ್ಕೇ ಒಂಟಿ ಸ್ವರ ತುಂಬಿಕೊಂಡು ಕೇಳಿಸುತ್ತದೆ. ಅದೇ ಕಾರಣಕ್ಕೆ ಪವರ್ ಸಪ್ಲೈಯ ಹಮ್ ಕೂಡ ಅಳಿಯದೆ ಸ್ವಲ್ಪ ಉಳಿದುಕೊಳ್ಳುತ್ತದೆ, ಅದನ್ನು ದೋಷವೆಂದು ತಿಳಿಯಬೇಡಿ.

ಒಂದು ಮೆಟ್ಟಿಲು ಮೇಲೆ 5ಇ3, ಅಂದರೆ ಟ್ವೀಡ್ ಡಿಲಕ್ಸ್. ಎರಡು 6ವಿ6, 12 ಇಂಚಿನ ಸ್ಪೀಕರ್, 12ರಿಂದ 15 ವಾಟ್. ಔಟ್‌ಪುಟ್ಟಿನ ಒಂದಂಶವನ್ನು ಹಿಂದಕ್ಕೆ ಕಳಿಸಿ ಒಡಕು ತಗ್ಗಿಸುವ ನೆಗೆಟಿವ್ ಫೀಡ್‌ಬ್ಯಾಕ್ ಇಲ್ಲದ್ದರಿಂದ ಬೇಗ ಒಡೆಯುತ್ತದೆ, ಒಡೆದಾಗ ತಳದ ಸ್ವರ ಸಡಿಲವಾಗುತ್ತದೆ. ಈ ಆಂಪಿನ ಒಂದು ಗುಣ ನನಗೆ ಬಹಳ ಇಷ್ಟ. ಎರಡು ಚಾನಲ್, ಎರಡು ವಾಲ್ಯೂಮ್. ಗಿಟಾರ್ ಸಿಕ್ಕಿಸದ ಚಾನಲ್ಲಿನ ವಾಲ್ಯೂಮ್ ತಿರುಗಿಸಿದರೂ ನೀವು ನುಡಿಸುತ್ತಿರುವ ಚಾನಲ್ಲಿನ ನಾದ ಬದಲಾಗುತ್ತದೆ. ಖಾಲಿ ಚಾನಲ್ಲಿನ ನಾಬ್ ಮೆಲ್ಲಗೆ ತಿರುಗಿಸುತ್ತಾ ಹೋಗಿ, ಗೇನ್ ಕುಗ್ಗಿ ಹಿಗ್ಗುವುದು, ಮೇಲಿನ ಸ್ವರದ ಬಣ್ಣ ಬದಲಾಗುವುದು ಬೆರಳಿಗೇ ಗೊತ್ತಾಗುತ್ತದೆ. ಮೂರೇ ನಾಬ್‌ಗಳಲ್ಲಿ ಎಷ್ಟೊಂದು ಬಣ್ಣ!

ಬ್ರಿಟಿಷ್ ಕಡೆಯ ಬೇರು ಇಎಲ್84 ಟ್ಯೂಬಿನದು. 1958ರ ವಾಕ್ಸ್ ಎಸಿ15 ಮತ್ತು ಅರವತ್ತರ ದಶಕದ ಮಾರ್ಷಲ್ 18 ವಾಟ್, ಎರಡರಲ್ಲೂ ಎರಡೆರಡು ಇಎಲ್84. ಮೇಲಿನ ಸ್ವರಗಳಲ್ಲಿ ಹೊಳಪು ಹೆಚ್ಚು, ಬೇರೆ ವಾದ್ಯಗಳ ನಡುವೆಯೂ ಗಿಟಾರ್ ಎದ್ದು ಕೇಳುತ್ತದೆ. ಡಾಕ್ಟರ್ ಝೀ ಕಂಪನಿಯ ಕಾರ್ಮೆನ್ ಘಿಯಾ ಕೂಡ ಎರಡು ಇಎಲ್84ಗಳ 18 ವಾಟಿನದು, ವಾಲ್ಯೂಮ್ ಮತ್ತು ಟೋನ್ ಬಿಟ್ಟು ಬೇರೆ ನಾಬ್ ಇಲ್ಲ. ತಿಳಿನಾದವೇ ಮುಖ್ಯ, ರಿವರ್ಬ್ (ದೊಡ್ಡ ಕೋಣೆಯಲ್ಲಿ ಕೇಳುವಂಥ ಅನುರಣನ) ಬೇಕು ಅನ್ನುವವರು ಪ್ರಿನ್ಸ್‌ಟನ್ ರಿವರ್ಬ್ ವಂಶ ನೋಡಿ. ಸುಮಾರು 12 ವಾಟ್, 10 ಇಂಚಿನ ಸ್ಪೀಕರ್.

ಡ್ರಮ್ ಜೊತೆ ನುಡಿಸುವುದಿದ್ದರೆ ಮಾತ್ರ ವಾಟ್ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ಡ್ರಮ್ಮರ್ ಕೋಲು ಎತ್ತಿಕೊಂಡರೆ 5 ವಾಟಿನ ಆಂಪಿನಲ್ಲಿ ತಿಳಿನಾದ ಉಳಿಯುವುದಿಲ್ಲ. ಒಡೆದ ನಾದವೇ ನಿಮಗೆ ಬೇಕಿದ್ದರೆ 15 ವಾಟ್ ಸಾಕು. ತಿಳಿನಾದವೇ ಬೇಕೆಂದರೆ 20ರ ಆಸುಪಾಸು ನೋಡಿ, ಇಲ್ಲವಾದರೆ ಮೈಕ್ ಇಡಿ.

ಸ್ಪೀಕರ್ ಎಂಬ ಇನ್ನೊಂದು ವಾಲ್ಯೂಮ್ ನಾಬ್

ಹೆಚ್ಚಿನವರು ಟ್ಯೂಬಿನ ಬ್ರಾಂಡ್ ಬಗ್ಗೆ ಗಂಟೆಗಟ್ಟಲೆ ವಾದಿಸುತ್ತಾರೆ, ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ ಎಷ್ಟು ಸದ್ದು ಎಂದು ಹೇಳುವ ಸ್ಪೀಕರಿನ ಸೆನ್ಸಿಟಿವಿಟಿ ಎಷ್ಟೆಂದು ಕೇಳುವುದೇ ಇಲ್ಲ. ಸೆಲೆಸ್ಟಿಯನ್ ಬ್ಲೂ 100 ಡೆಸಿಬೆಲ್ಲಿನದು, ಗ್ರೀನ್‌ಬ್ಯಾಕ್ 98ರದು. 95ರ ಸ್ಪೀಕರ್‌ಗಳೂ ಸಿಗುತ್ತವೆ. 100ಕ್ಕೂ 95ಕ್ಕೂ ನಡುವೆ ಇರುವ 5 ಡೆಸಿಬೆಲ್ ಅಂದರೆ ವಾಟಿನಲ್ಲಿ ಮೂರು ಪಟ್ಟಿಗಿಂತ ಚೂರು ಹೆಚ್ಚು. 15 ವಾಟಿನ ಆಂಪಿಗೆ 95ರ ಸ್ಪೀಕರ್ ಹಾಕಿದರೆ ಅದು 100ರ ಸ್ಪೀಕರ್ ಇರುವ 5 ವಾಟಿನ ಆಂಪಿನಷ್ಟೇ ಜೋರು. ಮನೆಗೆ ಆಂಪ್ ಸ್ವಲ್ಪ ಜೋರಾಯಿತು ಅನ್ನಿಸಿದರೆ ಆಂಪನ್ನೇ ಮಾರುವ ಮೊದಲು ಸ್ಪೀಕರ್ ಬದಲಿಸಿ ನೋಡಿ. ಬ್ಯಾಂಡಿನಲ್ಲಿ ಸದ್ದು ಸಾಲದಿದ್ದರೂ ಇದೇ ಮದ್ದು, ಉಲ್ಟಾ ದಿಕ್ಕಿನಲ್ಲಿ.

ಅಳತೆಯೂ ಮುಖ್ಯ. ಸಣ್ಣ ಡಬ್ಬಿಯಲ್ಲಿ ಕೂತ 8 ಇಂಚಿನ ಸ್ಪೀಕರ್ ಮಧ್ಯಸ್ವರವನ್ನು ಚೆನ್ನಾಗಿ ಕೊಡುತ್ತದೆ, ತಳವನ್ನು ಕೊಡುವುದಿಲ್ಲ. ಅದೇ 5 ವಾಟನ್ನು ಹೊರಗಿನ 12 ಇಂಚಿನ ಕ್ಯಾಬಿನೆಟ್ಟಿಗೆ ಸಿಕ್ಕಿಸಿ ಕೇಳಿ, ಬೇರೆಯೇ ಆಂಪ್ ತಂದಿಟ್ಟಂತೆ ಇರುತ್ತದೆ. ಹಾಗಾಗಿ ಹಿಂದೆ ಎಕ್ಸ್‌ಟೆನ್ಷನ್ ಜ್ಯಾಕ್ ಇದೆಯೇ, ಎಷ್ಟು ಓಮ್‌ಗೆಂದು ಬರೆದಿದೆಯೇ ನೋಡಿ. 8 ಓಮ್ ಔಟ್‌ಪುಟ್ಟಿಗೆ 8 ಓಮ್ ಕ್ಯಾಬಿನೆಟ್ಟೇ. ಸ್ಪೀಕರ್ ಕಿತ್ತು ಟ್ಯೂಬ್ ಆಂಪನ್ನು ಯಾವತ್ತೂ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದೀತು.

ಸದ್ದು ಇಳಿಸುವ ಉಪಾಯಗಳು

ಅರ್ಧ ಪವರ್ ಸ್ವಿಚ್ ನೋಡಿ ಮರುಳಾಗಬೇಡಿ. ಪವರ್ ಟ್ಯೂಬನ್ನು ಪೆಂಟೋಡಿನಿಂದ ಟ್ರಯೋಡಿಗೆ, ಅಂದರೆ ಕಡಿಮೆ ಬಲ ಕೊಡುವ ಬಗೆಗೆ, ಬದಲಿಸಿದರೆ ವಾಟ್ ಅರ್ಧವಾಗುತ್ತದೆ, ಅಂದರೆ ಇಳಿಯುವುದು ಅದೇ 3 ಡೆಸಿಬೆಲ್. ಜೊತೆಗೆ ನಾದವೂ ಮಂದವಾಗುತ್ತದೆ. ನಿಜವಾಗಿ ಕೆಲಸ ಮಾಡುವವು ಎರಡು. ಒಂದು, ಟ್ಯೂಬಿಗೆ ಹೋಗುವ ವೋಲ್ಟೇಜನ್ನೇ ತಗ್ಗಿಸುವ ಪವರ್ ಸ್ಕೇಲಿಂಗ್. ಇನ್ನೊಂದು ಆಂಪಿಗೂ ಸ್ಪೀಕರಿಗೂ ನಡುವೆ ಕೂತು ಬಲದ ಒಂದು ಪಾಲನ್ನು ನುಂಗುವ ಅಟೆನ್ಯುಯೇಟರ್. ಕಾರ್ ಕಂಪನಿಯ ಮರ್ಕ್ಯುರಿಯಲ್ಲಿ, ಟೋನ್ ಕಿಂಗ್ ಇಂಪೀರಿಯಲ್ಲಿನ ಎರಡನೆಯ ಅವತಾರದಲ್ಲಿ ಅದನ್ನು ಒಳಗೇ ಕೂರಿಸಿದ್ದಾರೆ. ಹೊರಗಿನಿಂದ ಕೊಳ್ಳುವುದಾದರೆ ಬರೀ ರೆಸಿಸ್ಟರ್ ಇರುವುದಕ್ಕಿಂತ ಸ್ಪೀಕರಿನಂತೆ ವರ್ತಿಸುವ ರಿಯಾಕ್ಟಿವ್ ಲೋಡ್ ಇರುವುದು ಮೇಲು. ಸ್ಪೀಕರಿನ ಇಂಪೀಡೆನ್ಸ್ (ಓಮ್‌ನಲ್ಲಿ ಅಳೆಯುವ ತಡೆ) ಸ್ವರದಿಂದ ಸ್ವರಕ್ಕೆ ಏರಿಳಿಯುತ್ತದಲ್ಲ, ಆ ಏರಿಳಿತ ಸಿಕ್ಕಾಗ ಆಂಪ್ ತನ್ನ ಸಹಜ ನಡೆಯಲ್ಲೇ ಇರುತ್ತದೆ.

ಅಟೆನ್ಯುಯೇಟರ್ ಹಾಕಿದರೆ ನಾದ ಸತ್ತಂತಾಗುತ್ತದೆ ಎಂದು ದೂರುವವರಿಗೆ ಒಂದು ಮಾತು. ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿಕೊಟ್ಟ ಹಾಗೆ, ಸದ್ದು ತಗ್ಗಿದಂತೆ ನಮ್ಮ ಕಿವಿಗೆ ತಳದ ಸ್ವರವೂ ತೀರ ಮೇಲಿನ ಸ್ವರವೂ ಕಡಿಮೆ ಕೇಳಿಸುತ್ತವೆ. ಆಂಪ್ ಅದೇ ನಾದ ಕೊಡುತ್ತಿದ್ದರೂ ಕಿವಿ ಅದನ್ನು ಬೇರೆಯಾಗಿ ಕೇಳುತ್ತದೆ. ಮೇಲಾಗಿ ಸ್ಪೀಕರಿನ ಕೋನ್ ಆಗ ದುಡಿಯುತ್ತಲೇ ಇಲ್ಲ. ಪಿಸುಮಾತಿನಷ್ಟು ಸದ್ದಿನಲ್ಲಿ ವೇದಿಕೆಯ ನಾದ ಬೇಕೆಂದರೆ ಯಾವ ಆಂಪೂ ಕೊಡಲಾರದು. ಟೋನ್ ನಾಬ್ ಸ್ವಲ್ಪ ಏರಿಸಿ, ಸ್ಪೀಕರನ್ನು ಕಿವಿಯ ಕಡೆಗೆ ಓರೆಮಾಡಿ, ಅಷ್ಟರಲ್ಲೇ ತುಂಬಾ ಸುಧಾರಿಸುತ್ತದೆ.

ಎದುರಿಗೆ ಕೂತು ಕೇಳುವ ಕ್ರಮ

ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್ ಒಯ್ಯಿರಿ. ಆಂಪ್ ಹಾಕಿ ಕೆಲವು ನಿಮಿಷ ಕಾಯಿಸಿ. ಮೊದಲು ಏನನ್ನೂ ಸಿಕ್ಕಿಸದೆ ವಾಲ್ಯೂಮ್ ಏರಿಸಿ ಕೇಳಿ. ಸ್ಸ್ ಎಂಬ ಹಿಸ್ ಸಹಜ. ಪಟಪಟ, ಚರಚರ ಎಂದರೆ ಒಳಗೆ ಏನೋ ಸರಿಯಿಲ್ಲ.

ಆಮೇಲೆ ಗಿಟಾರ್ ಸಿಕ್ಕಿಸಿ, ಮನೆಯಲ್ಲಿ ನೀವು ನುಡಿಸುವಷ್ಟೇ ಸದ್ದಿಗೆ ತನ್ನಿ. ಮಾರುವವರು ಜೋರಾಗಿಟ್ಟು ಕೇಳಿಸಲು ನೋಡುತ್ತಾರೆ, ಯಾಕೆಂದರೆ ಜೋರಾಗಿ ಕೇಳಿದ್ದೆಲ್ಲ ಚೆನ್ನಾಗಿ ಕೇಳುತ್ತದೆ. ಒಪ್ಪಬೇಡಿ. ಮೂರನೆಯ ತಂತಿಯನ್ನು ಖಾಲಿ ಮೀಟಿ, ಅದು ಪೂರ್ತಿ ಸಾಯುವ ತನಕ ಕೈ ಕಟ್ಟಿ ಕೇಳಿ. ನಾನು ರಿಪೇರಿಗೆ ಬಂದ ಪ್ರತಿ ಆಂಪಿನಲ್ಲೂ ಮಾಡುವ ಮೊದಲ ಕೆಲಸ ಇದೇ. ಒಳ್ಳೆಯ ಆಂಪಿನಲ್ಲಿ ಒಡಕು ಸ್ವರದೊಳಗೇ ಬೆರೆತಿದ್ದು, ಸ್ವರ ಇಳಿಯುತ್ತಾ ಹೋದ ಹಾಗೆ ತಾನೂ ಕರಗಿ ಕೊನೆಗೆ ತಿಳಿನಾದವೊಂದೇ ಉಳಿಯುತ್ತದೆ. ಕೆಟ್ಟದ್ದರಲ್ಲಿ ಸ್ವರದ ಬಾಲದಲ್ಲಿ ಬೇರೆಯೇ ಒಂದು ಗರಗರ ಅಂಟಿಕೊಂಡಿರುತ್ತದೆ. ಅದು ಬಯಾಸ್ (ಪವರ್ ಟ್ಯೂಬಿನಲ್ಲಿ ಸದಾ ಹರಿಯುವ ಕರೆಂಟಿನ ಹೊಂದಿಕೆ) ತಪ್ಪಿದ್ದರಿಂದಿರಬಹುದು, ಸ್ಪೀಕರಿನ ಕಾಯಿಲ್ ಉಜ್ಜುತ್ತಿರಬಹುದು. ಕಾರಣ ಗೊತ್ತಾಗುವ ತನಕ ಕೊಳ್ಳಬೇಡಿ.

ಗಿಟಾರಿನ ವಾಲ್ಯೂಮನ್ನು ಹತ್ತರಿಂದ ನಾಲ್ಕಕ್ಕೆ ಇಳಿಸಿ ಅದೇ ಸ್ವರ ನುಡಿಸಿ. ಒಡಕು ಹೋಗಿ ನಾದ ತಿಳಿಯಾಗಬೇಕು, ಆದರೆ ಕಂಬಳಿ ಹೊದಿಸಿದಂತೆ ಮಂಕಾಗಬಾರದು. ಎರಡನೆಯ ತಂತಿಯ ಮೇಲ್ಗಡೆ ಒಂದು ಬೆಂಡ್ ಎಳೆದು ಹಿಡಿಯಿರಿ. ಹಿಂದೆ ಅಪಶ್ರುತಿಯ ಇನ್ನೊಂದು ತಗ್ಗಿದ ಸ್ವರ ಇಣುಕಿದರೆ ಅದು ಘೋಸ್ಟ್ ನೋಟ್, ಪವರ್ ಸಪ್ಲೈಯ ಫಿಲ್ಟರ್ ಕೆಪಾಸಿಟರ್‌ಗಳ ಕಡೆಗೆ ಬೆರಳು ತೋರಿಸುತ್ತದೆ. ಹಳೆಯ ಆಂಪಿನಲ್ಲಿ ಇದು ಬಹಳ ಸಾಮಾನ್ಯ. ಕೊನೆಗೆ ಪೆನ್ಸಿಲಿನ ರಬ್ಬರ್ ತುದಿಯಿಂದ ಪ್ರಿಆಂಪ್ ಟ್ಯೂಬ್‌ಗಳನ್ನು ಮೆಲ್ಲಗೆ ತಟ್ಟಿ. ಸಣ್ಣ ಟಕ್ ಕೇಳಿದರೆ ಚಿಂತೆಯಿಲ್ಲ. ಗಂಟೆ ಹೊಡೆದ ಹಾಗೆ ಅನುರಣಿಸಿದರೆ ಆ ಟ್ಯೂಬ್ ಮೈಕ್ರೋಫೋನಿಕ್, ಬದಲಿಸಿಕೊಡಲು ಹೇಳಿ. ಸ್ಪೀಕರಿನ ಜೊತೆ ಒಂದೇ ಪೆಟ್ಟಿಗೆಯಲ್ಲಿ ನಡುಗುವ ಕಾಂಬೋದಲ್ಲಿ ಈ ಪರೀಕ್ಷೆ ಬಿಡಲೇಬಾರದು.

ಒಳಗೆ ಏನಿದೆ

ಕೈಯಲ್ಲಿ ವೈರಿಂಗ್ ಮಾಡಿದ್ದು ಅಂದಮಾತ್ರಕ್ಕೆ ನಾದ ಒಳ್ಳೆಯದಾಗಿಬಿಡುವುದಿಲ್ಲ. ಚೆನ್ನಾಗಿ ಮಾಡಿದ ಪ್ರಿಂಟೆಡ್ ಬೋರ್ಡ್ ಕೆಟ್ಟದಾಗಿ ಬೆಸೆದ ಟರೆಟ್ ಬೋರ್ಡಿಗಿಂತ (ಲೋಹದ ಗೂಟಗಳಿಗೆ ಭಾಗಗಳನ್ನು ಕೈಯಲ್ಲಿ ಬೆಸೆಯುವ ಬೋರ್ಡು) ಎಷ್ಟೋ ಮೇಲು. ಕೈಕೆಲಸದ ನಿಜವಾದ ಲಾಭ ಇಪ್ಪತ್ತು ವರ್ಷದ ನಂತರ ತಿಳಿಯುತ್ತದೆ: ಯಾವ ರೆಸಿಸ್ಟರ್ ಹೋದರೂ ಎರಡು ಬೆಸುಗೆ ಬಿಚ್ಚಿ ಬದಲಿಸಬಹುದು. ನಾನು ನೋಡುವುದು ಟ್ಯೂಬ್ ಸಾಕೆಟ್, ನಾಬ್, ಜ್ಯಾಕ್‌ಗಳು ಚಾಸಿಗೆ ನೇರ ಬಿಗಿದಿವೆಯೇ ಎಂದು. ಬಿಸಿ ಕಾರುವ ಇಎಲ್84ಗಳ ಸಾಕೆಟ್ಟನ್ನು ಬೋರ್ಡಿನ ಮೇಲೇ ಬೆಸೆದಿದ್ದರೆ ವರ್ಷಗಳ ಶಾಖಕ್ಕೆ ಬೆಸುಗೆ ಬಿರುಕು ಬಿಡುತ್ತದೆ. ಒಳಗಿನ ಫೋಟೋ ಕೇಳಿ, ತಮ್ಮ ಕೆಲಸದ ಬಗ್ಗೆ ಹೆಮ್ಮೆಯಿರುವವರು ಖುಷಿಯಿಂದ ಕಳಿಸುತ್ತಾರೆ.

ನೀವೇ ಬಿಚ್ಚಲು ಮಾತ್ರ ಹೋಗಬೇಡಿ. ಒಳಗೆ 300ರಿಂದ 400 ವೋಲ್ಟ್ ಓಡಾಡುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. ಅದು ಜೀವ ತೆಗೆಯುವಷ್ಟು.

ಬಯಾಸ್ ಯಾವ ಬಗೆಯದು ಎಂದೂ ಕೇಳಿಕೊಳ್ಳಿ. ತಾನೇ ಹೊಂದಿಕೊಳ್ಳುವ ಕ್ಯಾಥೋಡ್ ಬಯಾಸ್ ಇದ್ದರೆ ಅದೇ ಜಾತಿಯ ಪವರ್ ಟ್ಯೂಬ್ ತಂದು ನೀವೇ ಬದಲಿಸಬಹುದು. ಫಿಕ್ಸೆಡ್ ಬಯಾಸ್ ಆದರೆ ಪ್ರತಿ ಸಲ ಟ್ಯೂಬ್ ಬದಲಿಸಿದಾಗಲೂ ಗೊತ್ತಿದ್ದವರ ಹತ್ತಿರ ಹೊಂದಿಸಿಕೊಳ್ಳಬೇಕು.

ಬೇರೆ ದೇಶದಿಂದ ತರಿಸುವುದಾದರೆ ಹಣ ಕೊಡುವ ಮೊದಲು ಪವರ್ ಟ್ರಾನ್ಸ್‌ಫಾರ್ಮರ್ ಎಷ್ಟು ವೋಲ್ಟಿನದು ಎಂದು ಬರಹದಲ್ಲಿ ಕೇಳಿ ಪಡೆಯಿರಿ. 120 ವೋಲ್ಟಿಗೆ ಮಾತ್ರ ಮಾಡಿದ್ದನ್ನು 230ಕ್ಕೆ ಸಿಕ್ಕಿಸಿದರೆ ಆಂಪ್ ಅಲ್ಲಿಗೆ ಮುಗಿಯಿತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ನಡೆಸಬಹುದು, ಆದರೆ 60 ಹರ್ಟ್ಝಿಗೆಂದೇ ಮಾಡಿದ ಟ್ರಾನ್ಸ್‌ಫಾರ್ಮರ್ 50 ಹರ್ಟ್ಝಿನಲ್ಲಿ ಹೆಚ್ಚು ಬಿಸಿಯಾಗುತ್ತದೆ. ಸಣ್ಣ ತಯಾರಕರಲ್ಲಿ ಬಹಳ ಮಂದಿ ಕೇಳಿದರೆ ನಿಮ್ಮ ಊರಿನ ವೋಲ್ಟೇಜಿಗೆ ತಕ್ಕ ಟ್ರಾನ್ಸ್‌ಫಾರ್ಮರನ್ನೇ ಹಾಕಿ ಕಳಿಸುತ್ತಾರೆ, ಆರ್ಡರ್ ಕೊಡುವಾಗಲೇ ಹೇಳಿಬಿಡಿ.