ಎಷ್ಟು ಫೀಚರ್ ಆಯ್ತು ಅಂತ ಕೇಳುವುದನ್ನು ಬಿಟ್ಟ ಮೇಲೆ

ಬೆಂಗಳೂರಿನ ಅನೇಕ ಸಾಫ್ಟ್‌ವೇರ್ ಕಂಪನಿಗಳಲ್ಲಿ ಏಪ್ರಿಲ್ ಬಂತೆಂದರೆ ಗುರಿ ಬರೆಯುವ ಕಾಲ. ಡೆವಲಪರ್‌ಗೆ, ಟೆಸ್ಟರ್‌ಗೆ, ಸೇಲ್ಸ್‌ನವರಿಗೆ ಏನು ಬರೆಯಬೇಕು ಅನ್ನುವುದು ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತಿರುತ್ತದೆ. ಪ್ರಾಡಕ್ಟ್ ಓನರ್ ಸರದಿ ಬಂದಾಗ ಮಾತ್ರ ಕೈ ತಡೆಯುತ್ತದೆ. ಅವರು ಕೋಡ್ ಬರೆಯುವುದಿಲ್ಲ. ಮಾರಾಟ ಮಾಡುವುದಿಲ್ಲ. ಯಾವುದನ್ನು ಮೊದಲು ಕಟ್ಟಬೇಕು, ಯಾವುದನ್ನು ಕಟ್ಟಲೇಬಾರದು ಅಂತ ತೀರ್ಮಾನ ಮಾಡುವುದೇ ಅವರ ಕೆಲಸ. ಅದನ್ನು ಅಳೆಯುವುದು ಹೇಗೆ?

ನಾನು ಕೆಲವು ವರ್ಷ ಪ್ರಾಡಕ್ಟ್ ಓನರ್ ಆಗಿದ್ದು, ಆಮೇಲೆ ಅವರ ತಂಡ ನೋಡಿಕೊಳ್ಳುವ ಕೆಲಸಕ್ಕೆ ಬಂದವಳು. ನಮ್ಮದು ಕಿರಾಣಿ ಅಂಗಡಿಯವರು ಹೋಲ್‌ಸೇಲ್ ದರಕ್ಕೆ ಸಾಮಾನು ತರಿಸಿಕೊಳ್ಳುವ ಆ್ಯಪ್. ತುಮಕೂರು, ಹಾಸನ, ದಾವಣಗೆರೆ, ಹುಬ್ಬಳ್ಳಿ ಕಡೆಯ ಅಂಗಡಿಗಳೇ ನಮ್ಮ ಗಿರಾಕಿಗಳು. ಪ್ರಾಡಕ್ಟ್ ಓನರ್‌ಗಳು ಮೂವರು. ಒಬ್ಬರದು ಹುಡುಕಾಟ ಮತ್ತು ಆರ್ಡರ್, ಒಬ್ಬರದು ಪೇಮೆಂಟ್, ಇನ್ನೊಬ್ಬರದು ಡೆಲಿವರಿ.

ನಾನು ಬರುವ ಮೊದಲೇ ಅಲ್ಲಿ ಗುರಿಗಳ ಒಂದು ಶೀಟ್ ಇತ್ತು. ಸ್ಪ್ರಿಂಟ್‌ಗೆ, ಅಂದರೆ ಕೆಲವು ವಾರದ ಒಂದು ಸುತ್ತಿನ ಕೆಲಸಕ್ಕೆ, ಇಷ್ಟು ಸ್ಟೋರಿ ಪಾಯಿಂಟ್ ಮುಗಿಯಬೇಕು. ಕ್ವಾರ್ಟರ್‌ಗೆ ಇಷ್ಟು ದೊಡ್ಡ ಫೀಚರ್ ಹೊರಗೆ ಹೋಗಬೇಕು. ಮುಂದಿನ ಎರಡು ಸ್ಪ್ರಿಂಟ್‌ಗೆ ಆಗುವಷ್ಟು ಬ್ಯಾಕ್‌ಲಾಗ್ (ಮಾಡಬೇಕಾದ ಕೆಲಸಗಳ ಪಟ್ಟಿ) ಸದಾ ತಯಾರಿರಬೇಕು. ಎಲ್ಲಕ್ಕೂ ಸಂಖ್ಯೆ ಇತ್ತು. ಆದರೆ ಅದರಲ್ಲಿ ಅಂಗಡಿಯವರ ಸುದ್ದಿ ಒಂದು ಸಾಲಿನಲ್ಲೂ ಇರಲಿಲ್ಲ.

ಸ್ಟೋರಿ ಪಾಯಿಂಟ್ ಅನ್ನುವುದು ತಂಡ ತನ್ನ ಕೆಲಸದ ಗಾತ್ರವನ್ನು ತಾನೇ ಅಂದಾಜು ಮಾಡಿಕೊಳ್ಳುವ ಬಗೆ. ಅದನ್ನೇ ಗುರಿ ಮಾಡಿದರೆ ನಿನ್ನೆ 3 ಪಾಯಿಂಟ್ ಆಗಿದ್ದ ಸ್ಟೋರಿ, ಅಂದರೆ ಪಟ್ಟಿಯ ಒಂದು ಕೆಲಸ, ಇವತ್ತು 5 ಆಗುತ್ತದೆ. ಯಾರೂ ಸುಳ್ಳು ಹೇಳಬೇಕಾಗಿಲ್ಲ, ಅಂದಾಜು ತಾನಾಗಿಯೇ ಆ ಕಡೆ ವಾಲುತ್ತದೆ. ನಾವು ಕೆಲಸ ಮಾಡುವ ಸ್ಕ್ರಮ್ ಪದ್ಧತಿಯ ಕೈಪಿಡಿಯಾದ ಸ್ಕ್ರಮ್ ಗೈಡ್‌ನಲ್ಲಿ ಸ್ಟೋರಿ ಪಾಯಿಂಟ್ ಅನ್ನುವ ಮಾತೇ ಇಲ್ಲ. ತಂಡದ ಕೆಲಸದಿಂದ ಪ್ರಾಡಕ್ಟ್‌ಗೆ ಸಿಗುವ ಮೌಲ್ಯ ಆದಷ್ಟು ಹೆಚ್ಚಬೇಕು, ಅದಕ್ಕೆ ಪ್ರಾಡಕ್ಟ್ ಓನರ್ ಹೊಣೆ ಅಂತ ಅದು ಹೇಳುತ್ತದೆ. 2020ರ ಆವೃತ್ತಿಯಲ್ಲಿ ‘ಪ್ರಾಡಕ್ಟ್ ಗೋಲ್’, ಅಂದರೆ ಪ್ರಾಡಕ್ಟ್ ಮುಟ್ಟಬೇಕಾದ ದೊಡ್ಡ ಗುರಿ, ಅನ್ನುವುದನ್ನೂ ಸೇರಿಸಿದರು. ಆ ಮೌಲ್ಯವನ್ನು ಹೇಗೆ ಎಣಿಸಬೇಕು ಅನ್ನುವುದನ್ನು ಮಾತ್ರ ನಾವೇ ಕಂಡುಕೊಳ್ಳಬೇಕು.

ನಾನು ಆ ಶೀಟ್ ಪಕ್ಕಕ್ಕಿಟ್ಟು ಮೂವರಿಗೂ ಒಂದೇ ಪ್ರಶ್ನೆ ಕೇಳಿದೆ. ಈ ಕ್ವಾರ್ಟರ್ ಮುಗಿಯುವ ಹೊತ್ತಿಗೆ ಅಂಗಡಿಯವರು ಈಗ ಮಾಡದೇ ಇರುವ ಯಾವ ಕೆಲಸವನ್ನು ಮಾಡುತ್ತಿರಬೇಕು?

ಮೊದಲು ಬಂದ ಉತ್ತರಗಳೆಲ್ಲ ನಮ್ಮ ಕಡೆಯವೇ. ‘ಹೊಸ ಹೋಮ್ ಪೇಜ್ ಬಂದಿರುತ್ತದೆ’, ‘ಸರ್ಚ್ ಚೆನ್ನಾಗಾಗಿರುತ್ತದೆ’. ಅದೆಲ್ಲ ನಾವು ಮಾಡುವುದು. ಅಂಗಡಿಯವರು ಏನು ಮಾಡುತ್ತಾರೆ? ಈ ಪ್ರಶ್ನೆಯನ್ನು ಬಿಡದೆ ಹಿಡಿದು ಕೂತರೆ ಮಾತು ಬೇರೆ ಕಡೆ ತಿರುಗುತ್ತದೆ. ಆರ್ಡರ್ ಭಾಗ ನೋಡುತ್ತಿದ್ದವರು ಕೊನೆಗೆ ಹೇಳಿದ ಮಾತು ಇದು: ‘ಅಂಗಡಿಯವರು ನಮ್ಮ ಸೇಲ್ಸ್ ಹುಡುಗ ಬರಲಿ ಅಂತ ಕಾಯಬಾರದು ಮೇಡಂ. ಸಾಮಾನು ಖಾಲಿಯಾದ ದಿನವೇ ಅವರೇ ಆರ್ಡರ್ ಹಾಕಬೇಕು.’ ಆವತ್ತಿನಿಂದ ನಮ್ಮ ಕೆಲಸಕ್ಕೆ ಒಂದು ದಿಕ್ಕು ಸಿಕ್ಕಿತು.

ಆದರೆ ‘ಅವರೇ ಆರ್ಡರ್ ಹಾಕಬೇಕು’ ಅನ್ನುವುದನ್ನು ಎಣಿಸುವುದು ಸುಲಭವಲ್ಲ. ನಮ್ಮ ಡ್ಯಾಶ್‌ಬೋರ್ಡ್ ಪ್ರಕಾರ ಹೆಚ್ಚುಪಾಲು ಆರ್ಡರ್ ಅಂಗಡಿಯವರ ಫೋನಿನಿಂದಲೇ ಬರುತ್ತಿದ್ದವು. ನಾನೂ ಆ ಪ್ರಾಡಕ್ಟ್ ಓನರ್ರೂ ತುಮಕೂರಿನ ಕೆಲವು ಅಂಗಡಿಗಳಲ್ಲಿ ನಿಂತು ನೋಡಿದೆವು. ಸೇಲ್ಸ್ ಹುಡುಗ ಬರುತ್ತಾನೆ. ‘ಅಣ್ಣಾ, ಫೋನ್ ಕೊಡಿ’ ಅನ್ನುತ್ತಾನೆ. ಗಲ್ಲಾಪೆಟ್ಟಿಗೆ ಮೇಲಿದ್ದ ಫೋನ್ ಎತ್ತಿಕೊಂಡು ತಾನೇ ಆರ್ಡರ್ ಹಾಕಿ ವಾಪಸ್ ಇಡುತ್ತಾನೆ. ಅಂಗಡಿಯವರು ಅಷ್ಟರಲ್ಲಿ ಎರಡು ಗಿರಾಕಿಗೆ ಸಕ್ಕರೆ ತೂಗಿರುತ್ತಾರೆ. ಹುಡುಗನದು ತಪ್ಪಿಲ್ಲ, ಅವನಿಗೆ ಅವನ ಟಾರ್ಗೆಟ್ ಇದೆ. ಅಂಗಡಿಯವರಿಗೂ ಇದು ಅನುಕೂಲವೇ. ಆದರೆ ಸಂಖ್ಯೆ ಹೇಳುತ್ತಿದ್ದುದು ಒಂದು, ಅಂಗಡಿಯಲ್ಲಿ ನಡೆಯುತ್ತಿದ್ದುದು ಇನ್ನೊಂದು.

ಹಾಗಾಗಿ ‘ಸ್ವಂತ ಆರ್ಡರ್’ ಅಂದರೆ ಏನು ಅಂತ ಒಂದು ಪುಟದಲ್ಲಿ ಬರೆದೆವು. ಸೇಲ್ಸ್ ಹುಡುಗ ಆ ಬೀದಿಗೆ ಬರದ ದಿನ ಅಂಗಡಿಯ ಫೋನಿನಿಂದ ಬಂದ ಆರ್ಡರ್ ಮಾತ್ರ ಲೆಕ್ಕಕ್ಕೆ. ಡೆಲಿವರಿ ಆಗುವ ಮೊದಲೇ ಕ್ಯಾನ್ಸಲ್ ಆದರೆ ಲೆಕ್ಕಕ್ಕಿಲ್ಲ. ಇನ್ನು, ಒಟ್ಟು ಅಂಗಡಿ ಅಂದರೆ ಯಾವುವು? ಆ್ಯಪ್ ಹಾಕಿಕೊಂಡವರೆಲ್ಲರೂ ಅಲ್ಲ. ಹಿಂದಿನ ಮೂರು ತಿಂಗಳಲ್ಲಿ ಒಮ್ಮೆಯಾದರೂ ನಮ್ಮಿಂದ ಸಾಮಾನು ತೆಗೆದುಕೊಂಡವರು ಮಾತ್ರ. ಅಂಥ ಅಂಗಡಿಗಳಲ್ಲಿ ಎಷ್ಟು ಪಾಲು ತಿಂಗಳಿಗೆ ಕನಿಷ್ಠ ಎರಡು ಸ್ವಂತ ಆರ್ಡರ್ ಹಾಕಿವೆ ಅನ್ನುವುದೇ ನಮ್ಮ ಗುರಿಯ ಸಂಖ್ಯೆಯಾಯಿತು. ಯಾವ ಒಟ್ಟು ಸಂಖ್ಯೆಯಿಂದ ಭಾಗಿಸುತ್ತೀರಿ ಅಂತ ಖಚಿತ ಮಾಡದೆ ಯಾರಿಗೂ ಶೇಕಡಾವಾರು ಗುರಿ ಕೊಡಬೇಡಿ. ವರ್ಷದ ಕೊನೆಯಲ್ಲಿ ಎಲ್ಲ ಜಗಳವೂ ಆ ಸಂಖ್ಯೆಯ ಸುತ್ತಲೇ ನಡೆಯುತ್ತದೆ.

ಈ ಬರವಣಿಗೆಗೆ ನಾವು ಕೊಟ್ಟ ಸಮಯ ನೋಡಿ ಕೆಲವರಿಗೆ ಬೇಸರವಾಯಿತು. ‘ಇಷ್ಟು ಹೊತ್ತಿಗೆ ಒಂದು ಫೀಚರ್ ಮುಗಿಸಬಹುದಿತ್ತು’ ಅಂದರು. ನನ್ನ ಪ್ರಕಾರ ಪ್ರಾಡಕ್ಟ್ ಓನರ್ ಮಾಡುವ ಅತ್ಯಂತ ಮುಖ್ಯ ಕೆಲಸಗಳಲ್ಲಿ ಇದೂ ಒಂದು. ಏನನ್ನು ಎಣಿಸಬೇಕು ಅಂತ ಗೊತ್ತಾದ ಮೇಲೆ ಬ್ಯಾಕ್‌ಲಾಗ್‌ನ ಅರ್ಧ ಸ್ಟೋರಿಗಳು ತಾವಾಗಿಯೇ ಕೆಳಗೆ ಹೋದವು.

ಮುಂದಿನ ಪ್ರಶ್ನೆ, ಎಲ್ಲಿಂದ ಎಲ್ಲಿಗೆ? ಕಿರಾಣಿ ವ್ಯಾಪಾರಕ್ಕೆ ತನ್ನದೇ ಪಂಚಾಂಗ ಇದೆ. ಆಷಾಢದಲ್ಲಿ ಮದುವೆ, ಗೃಹಪ್ರವೇಶ ಇರುವುದಿಲ್ಲ, ದೊಡ್ಡ ಆರ್ಡರ್ ಕಡಿಮೆ. ಶ್ರಾವಣ ಬಂದರೆ ವರಮಹಾಲಕ್ಷ್ಮಿ, ಆಮೇಲೆ ಗಣೇಶ, ದಸರಾ, ದೀಪಾವಳಿ. ಬೆಲ್ಲ, ರವೆ, ತುಪ್ಪ, ಎಣ್ಣೆ ಎಲ್ಲವೂ ಏರುತ್ತವೆ. ಜುಲೈ ತಿಂಗಳನ್ನು ಆರಂಭದ ಗೆರೆ ಮಾಡಿಕೊಂಡು ಅಕ್ಟೋಬರ್‌ನಲ್ಲಿ ಅಳೆದರೆ ಏನೂ ಮಾಡದ ಪ್ರಾಡಕ್ಟ್ ಓನರ್ ಕೂಡ ಗೆಲ್ಲುತ್ತಾರೆ. ಜನವರಿಯಲ್ಲಿ ಒಳ್ಳೆ ಕೆಲಸ ಮಾಡಿದವರು ಸೋತಂತೆ ಕಾಣುತ್ತಾರೆ. ಅದಕ್ಕೇ ನಾವು ಎರಡು ದಾರಿ ಹಿಡಿದೆವು. ಹಳೆಯ ಅಂಗಡಿಗಳಿಗೆ ಹೋದ ವರ್ಷದ ಅದೇ ಹಬ್ಬದ ವಾರಗಳ ಜೊತೆ ಹೋಲಿಕೆ. ಹಬ್ಬದ ತಾರೀಕು ಪ್ರತಿ ವರ್ಷ ಸರಿಯುತ್ತದೆ, ಹಾಗಾಗಿ ತಿಂಗಳಿಗೆ ತಿಂಗಳು ಹೋಲಿಸಿದರೆ ಸಾಲದು. ದೊಡ್ಡ ಬದಲಾವಣೆಗಳಿಗೆ ಕೆಲವು ಊರುಗಳನ್ನು ಹಳೆಯ ಆವೃತ್ತಿಯಲ್ಲೇ ಬಿಟ್ಟು ಎರಡನ್ನೂ ಪಕ್ಕಪಕ್ಕ ನೋಡುವುದು.

ಸ್ವಂತ ಆರ್ಡರ್ ಅನ್ನುವುದು ನಿಧಾನವಾಗಿ ಅಲುಗಾಡುವ ಸಂಖ್ಯೆ. ಅದೊಂದನ್ನೇ ನೋಡುತ್ತಾ ಕೂತರೆ ಪ್ರಾಡಕ್ಟ್ ಓನರ್‌ಗೆ ಸೋಮವಾರ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ವಾರಕ್ಕೊಮ್ಮೆ ಬದಲಾಗುವ, ಅದಕ್ಕಿಂತ ಮೊದಲೇ ಸುಳಿವು ಕೊಡುವ ಸಂಖ್ಯೆ ಬೇಕಿತ್ತು. ಅದು ಸಿಕ್ಕಿದ್ದು ಹುಡುಕಾಟದಲ್ಲಿ. ‘ಏನೂ ಸಿಗಲಿಲ್ಲ’ ಅಂತ ಬಂದ ಹುಡುಕಾಟಗಳ ಪಟ್ಟಿ ತೆಗೆಸಿದೆವು. ಅದರಲ್ಲಿ ಇದ್ದುದೆಲ್ಲ ನಮ್ಮ ಗೋಡೌನ್‌ನಲ್ಲಿ ಇರುವ ಸಾಮಾನೇ! ಆ್ಯಪ್‌ನಲ್ಲಿ ‘ತೂರ್ ದಾಲ್’ ಅಂತಿತ್ತು, ಅಂಗಡಿಯವರು ತೊಗರಿ ಅಂತ ಬರೆಯುತ್ತಿದ್ದರು. ಹುಬ್ಬಳ್ಳಿ ಕಡೆಯವರು ಶೇಂಗಾ, ಪುಟಾಣಿ ಅನ್ನುತ್ತಾರೆ. ಮೈಸೂರು ಸೀಮೆಯವರು ಕಡ್ಲೆಬೀಜ, ಹುರಿಗಡಲೆ ಅನ್ನುತ್ತಾರೆ. ಇದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹತ್ತಾರು ರೀತಿ ಬರೆಯುವವರು ಇನ್ನೂ ಜಾಸ್ತಿ. ಎರಡು ಸಲ ಹುಡುಕಿ ಸಿಗದಿದ್ದರೆ ಅವರು ಫೋನ್ ಇಟ್ಟು ಸೇಲ್ಸ್ ಹುಡುಗನಿಗಾಗಿ ಕಾಯುತ್ತಿದ್ದರು. ಖಾಲಿ ಬಂದ ಹುಡುಕಾಟದ ಪಾಲು ಇಳಿದರೆ ಸ್ವಂತ ಆರ್ಡರ್ ಏರಬಹುದು ಅನ್ನುವುದು ನಮ್ಮ ಊಹೆ. ಅದನ್ನು ‘ಊಹೆ’ ಅಂತಲೇ ಶೀಟ್‌ನಲ್ಲಿ ಬರೆದೆವು.

ಈ ಸಂಖ್ಯೆಯನ್ನು ಇಳಿಸುವುದಕ್ಕೆ ಒಂದು ಕೆಟ್ಟ ದಾರಿಯೂ ಇದೆ. ಏನೇ ಹುಡುಕಿದರೂ ಏನಾದರೊಂದು ತೋರಿಸಿಬಿಟ್ಟರೆ ಖಾಲಿ ಫಲಿತಾಂಶ ಸೊನ್ನೆಗೆ ಬರುತ್ತದೆ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಬರೆಯುವಾಗ ಗುರುತಿಸಿದ್ದು ಇದನ್ನೇ: ಒಂದು ಅಳತೆಯನ್ನು ಹಿಡಿದು ಒತ್ತಿದರೆ ಅದು ಮೊದಲಿನಂತೆ ನಿಜ ಹೇಳುವುದಿಲ್ಲ. ಆದ್ದರಿಂದ ಪ್ರತಿ ಗುರಿಯ ಪಕ್ಕದಲ್ಲಿ ಒಂದು ಕಾವಲು ಸಂಖ್ಯೆ ಇಡುತ್ತೇವೆ. ಹುಡುಕಾಟಕ್ಕೆ ಕಾವಲು, ಮೊದಲ ಸ್ಕ್ರೀನ್‌ನಲ್ಲೇ ಸಾಮಾನು ಆರಿಸಿಕೊಂಡವರ ಪಾಲು. ಸ್ವಂತ ಆರ್ಡರ್‌ಗೆ ಕಾವಲು, ‘ಇದು ನಾನು ಕೇಳಿದ್ದಲ್ಲ’ ಅಂತ ವಾಪಸ್ ಬಂದ ಸಾಮಾನು. ಗುರಿ ಮುಟ್ಟಿ ಕಾವಲು ಮುರಿದರೆ ಅದು ಮುಟ್ಟಿದಂತಲ್ಲ ಅಂತ ಮೊದಲೇ ಒಪ್ಪಿಕೊಂಡಿದ್ದೇವೆ.

ಪೇಮೆಂಟ್ ನೋಡುವವರ ಕಷ್ಟ ಬೇರೆ. ಅವರ ಹಳೆಯ ಗುರಿ ‘ಯುಪಿಐ ಪೇಮೆಂಟ್ ಯಶಸ್ಸಿನ ಪ್ರಮಾಣ’. ಕೇಳುವುದಕ್ಕೆ ಸರಿಯಾಗಿಯೇ ಇದೆ, ಅಲ್ವಾ? ಆದರೆ ಯುಪಿಐ ಪೇಮೆಂಟ್ ತಪ್ಪಿಹೋಗುವುದು ಬ್ಯಾಂಕಿನ ಸರ್ವರ್‌ನಿಂದ ಇರಬಹುದು, ಖಾತೆಯಲ್ಲಿ ದುಡ್ಡಿಲ್ಲದೆ ಇರಬಹುದು, ಪಿನ್ ತಪ್ಪಿದ್ದಿರಬಹುದು. ಯುಪಿಐ ನಡೆಸುವ ಎನ್‌ಪಿಸಿಐ ಕೂಡ ಬ್ಯಾಂಕುಗಳ ಲೆಕ್ಕ ಕೊಡುವಾಗ ತಾಂತ್ರಿಕ ಕಾರಣಕ್ಕೆ ತಪ್ಪಿದ್ದನ್ನು ಬೇರೆ, ಉಳಿದ ಕಾರಣಕ್ಕೆ ತಪ್ಪಿದ್ದನ್ನು ಬೇರೆ ತೋರಿಸುತ್ತದೆ. ಇದರಲ್ಲಿ ನಮ್ಮ ಪ್ರಾಡಕ್ಟ್ ಓನರ್ ಕೈಯಲ್ಲಿ ಇರುವುದೆಷ್ಟು? ತಿಂಗಳ ಮೊದಲ ವಾರ ಯಾವುದೋ ಬ್ಯಾಂಕ್ ಎಡವಿದರೆ ಅವರ ಸಂಖ್ಯೆ ಬೀಳುತ್ತಿತ್ತು.

ಅಂಗಡಿಯವರ ನಿಜವಾದ ನೋವು ಬೇರೆ ಕಡೆ ಇತ್ತು. ಖಾತೆಯಿಂದ ದುಡ್ಡು ಹೋಗಿದೆ, ಆರ್ಡರ್ ಆಗಿಲ್ಲ. ಆಗ ಏನಾಗುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ, ವ್ಯಾಪಾರಿಗೆ ಮಾಡಿದ ಯುಪಿಐ ಪಾವತಿ ಹೀಗೆ ಸಿಕ್ಕಿಹಾಕಿಕೊಂಡರೆ ವ್ಯವಹಾರ ನಡೆದ ದಿನದಿಂದ 5 ದಿನದೊಳಗೆ ದುಡ್ಡು ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಈ ನಿಯಮ ಇದ್ದರೂ ನಮ್ಮ ಆ್ಯಪ್ ‘ಪೆಂಡಿಂಗ್’ ಅಂತ ಒಂದು ಪದ ತೋರಿಸಿ ಸುಮ್ನೆ ಇರುತ್ತಿತ್ತು. ಅಂಗಡಿಯವರು ಇನ್ನೊಮ್ಮೆ ದುಡ್ಡು ಹಾಕುತ್ತಿದ್ದರು, ಇಲ್ಲವೇ ಕಸ್ಟಮರ್ ಕೇರ್‌ಗೆ ಫೋನ್ ಮಾಡುತ್ತಿದ್ದರು. ಹತ್ತು ಸಾವಿರ ಸಿಕ್ಕಿಹಾಕಿಕೊಂಡರೆ ಸಣ್ಣ ಅಂಗಡಿಯವರಿಗೆ ಆ ದಿನದ ಖರೀದಿಯೇ ನಿಂತಂತೆ.

ಹೊಸ ಗುರಿ ಹೀಗೆ ಬರೆದೆವು: ಸಿಕ್ಕಿಹಾಕಿಕೊಂಡ ಪ್ರತಿ ನೂರು ಪೇಮೆಂಟ್‌ಗೆ ನಮಗೆ ಬರುವ ಫೋನ್ ಕರೆ ಎಷ್ಟು? ಅದನ್ನು ಇಳಿಸಬೇಕು. ಬ್ಯಾಂಕ್ ಕೆಟ್ಟರೂ ಈ ಸಂಖ್ಯೆ ಪ್ರಾಡಕ್ಟ್ ಓನರ್ ಕೈಯಲ್ಲೇ ಇರುತ್ತದೆ. ಯಾವ ತಾರೀಕಿನೊಳಗೆ ದುಡ್ಡು ಬರುತ್ತದೆ ಅಂತ ಕನ್ನಡದಲ್ಲಿ ತೋರಿಸುವುದು, ಆರ್ಡರ್ ಹಿಡಿದಿಟ್ಟು ಕ್ಯಾಶ್ ಕೊಡಲು ಬಿಡುವುದು, ಎರಡನೇ ಸಲ ಪೇಮೆಂಟ್ ಒತ್ತುವ ಮೊದಲು ಎಚ್ಚರಿಸುವುದು, ಎಲ್ಲ ಅವರ ತೀರ್ಮಾನ. ಈ ಮೂರರಲ್ಲಿ ಯಾವುದೂ ಹಿಂದಿನ ಫೀಚರ್ ಪಟ್ಟಿಯಲ್ಲಿ ಇರಲಿಲ್ಲ.

ಡೆಲಿವರಿ ಸುಲಭವಾಗಿತ್ತು. ಹೇಳಿದ ದಿನ, ಹೇಳಿದಷ್ಟು ಸಾಮಾನು ಪೂರ್ತಿ ತಲುಪಿತೇ? ಎರಡೂ ಸರಿ ಇದ್ದರೆ ಮಾತ್ರ ಒಂದು ಅಂಕ. ಅದನ್ನು ಬರೆಯಲು ಒಂದು ಮಧ್ಯಾಹ್ನ ಸಾಕಾಯಿತು.

ಸಂಖ್ಯೆ ಬರೆದರೆ ಸಾಲದು, ಅಧಿಕಾರವೂ ಬೇಕು. ಪ್ರಾಡಕ್ಟ್ ಓನರ್ ತೀರ್ಮಾನವನ್ನು ಇಡೀ ಸಂಸ್ಥೆ ಗೌರವಿಸಬೇಕು ಅಂತ ಸ್ಕ್ರಮ್ ಗೈಡ್ ಹೇಳುತ್ತದೆ. ಆಫೀಸಿನಲ್ಲಿ ಅದು ನಡೆಯುವುದು ಕಷ್ಟ. ಸೇಲ್ಸ್ ಮುಖ್ಯಸ್ಥರು ಒಂದು ದಿನ ಬಂದು ‘ದೊಡ್ಡ ಅಂಗಡಿಗಳಿಗೆ ವಿಶೇಷ ಸ್ಕೀಮ್ ಪೇಜ್ ಈ ತಿಂಗಳೇ ಬೇಕು’ ಅಂದರು. ನಮ್ಮ ಪ್ರಾಡಕ್ಟ್ ಓನರ್ ಗುರಿಯ ಪುಟ ತೆರೆದು, ‘ಸರ್, ಇದರಿಂದ ಸ್ವಂತ ಆರ್ಡರ್ ಏರುತ್ತದೆ ಅನ್ನುವುದಕ್ಕೆ ನಿಮ್ಮ ಹತ್ತಿರ ಏನಾದರೂ ಇದ್ದರೆ ಕೊಡಿ. ಇವತ್ತೇ ಮೇಲಕ್ಕೆ ತರುತ್ತೇನೆ’ ಅಂದರು. ಮಾತು ಗಂಟೆಗಟ್ಟಲೆ ನಡೆಯಿತು, ಆದರೆ ಜೋರು ಧ್ವನಿ ಇರಲಿಲ್ಲ. ಕೊನೆಗೆ ಆ ಪೇಜ್ ಮುಂದಿನ ಕ್ವಾರ್ಟರ್‌ಗೆ ಹೋಯಿತು. ಇಂಥ ಸಮಯದಲ್ಲಿ ಮ್ಯಾನೇಜರ್ ಪ್ರಾಡಕ್ಟ್ ಓನರ್ ಬೆನ್ನಿಗೆ ನಿಲ್ಲದಿದ್ದರೆ ಗುರಿ ಬರೆಸಿದ್ದು ಅವರಿಗೆ ಮಾಡಿದ ಅನ್ಯಾಯ ಅಂತಲೇ ನಾನು ಹೇಳುತ್ತೇನೆ.

ಇನ್ನು ಅಪ್ರೈಸಲ್. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಗುರಿಯನ್ನೂ ಅದನ್ನು ಅಳೆಯುವ ಫಲಿತಾಂಶಗಳನ್ನೂ ಒಟ್ಟಿಗೆ ಬರೆಯುವ ಓಕೆಆರ್ ಪದ್ಧತಿ ಇಂಟೆಲ್‌ನಲ್ಲಿ ಆ್ಯಂಡಿ ಗ್ರೋವ್ ಕಾಲದಲ್ಲಿ ಬೆಳೆಯಿತು, 1999ರಲ್ಲಿ ಹೂಡಿಕೆದಾರ ಜಾನ್ ಡೋರ್ ಅದನ್ನು ಗೂಗಲ್‌ಗೆ ತಂದರು. ಗೂಗಲ್‌ನಲ್ಲಿ 0ಯಿಂದ 1ರವರೆಗೆ ಅಂಕ ಕೊಡುವಾಗ 0.6ರಿಂದ 0.7 ಬಂದರೆ ಒಳ್ಳೆಯದು ಅಂತ ಎಣಿಸುತ್ತಾರೆ. ಯಾವಾಗಲೂ 1 ಬರುತ್ತಿದ್ದರೆ ಗುರಿ ತೀರಾ ಸುಲಭ ಅಂತ ಅರ್ಥ. ಇದೇ ಸಂಖ್ಯೆಯನ್ನು ಇನ್‌ಕ್ರಿಮೆಂಟ್‌ಗೆ ನೇರವಾಗಿ ಕಟ್ಟಿದರೆ ಯಾರು ತಾನೇ ದೊಡ್ಡ ಗುರಿ ಬರೆಯುತ್ತಾರೆ? ಮನೆ ಸಾಲದ ಕಂತು ಕಟ್ಟುವವರು ಸುಲಭದ ಗುರಿಯನ್ನೇ ಬರೆಯುತ್ತಾರೆ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಎಚ್‌ಆರ್ ಜೊತೆ ಮಾತಾಡಿ, ಸಂಖ್ಯೆ ಮುಟ್ಟಿತೇ ಅನ್ನುವುದನ್ನು ಅಪ್ರೈಸಲ್‌ನಿಂದ ಬಿಡಿಸಿದೆವು. ಅದರ ಬದಲು ಬೇರೆ ಪ್ರಶ್ನೆಗಳು. ಯಾವ ಊಹೆಯನ್ನು ಪರೀಕ್ಷೆ ಮಾಡಿದಿರಿ? ಯಾವುದನ್ನು ನಿಲ್ಲಿಸಿದಿರಿ? ನಿಲ್ಲಿಸಬೇಕು ಅಂತ ಗೊತ್ತಾದ ಮೇಲೆ ಎಷ್ಟು ಬೇಗ ನಿಲ್ಲಿಸಿದಿರಿ? ಅಂಗಡಿಗೆ ಹೋಗಿ ಏನು ನೋಡಿಬಂದಿರಿ? ಇವಕ್ಕೂ ಬರಹದ ಸಾಕ್ಷಿ ಬೇಕು, ಬಾಯಿಮಾತು ನಡೆಯುವುದಿಲ್ಲ.

ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಗುರಿ ಕೊಡುವುದಿಲ್ಲ. ತಿಂಗಳಿಗೊಮ್ಮೆ ಕೂತು ನೋಡುತ್ತೇವೆ. ಆ ಮೀಟಿಂಗ್‌ನಲ್ಲಿ ಪ್ರಾಡಕ್ಟ್ ಓನರ್ ಸ್ಲೈಡ್ ತರುವಂತಿಲ್ಲ. ಸಂಖ್ಯೆಯ ಗೆರೆ, ಕಾವಲು ಸಂಖ್ಯೆ, ಅದರಿಂದ ಬ್ಯಾಕ್‌ಲಾಗ್‌ನಲ್ಲಿ ಬದಲಾದದ್ದು, ಇಷ್ಟು ಸಾಕು. ಸತತ ಎರಡು ತಿಂಗಳು ಸಂಖ್ಯೆಯಿಂದ ಬ್ಯಾಕ್‌ಲಾಗ್‌ನಲ್ಲಿ ಏನೂ ಬದಲಾಗದಿದ್ದರೆ ಆ ಗುರಿಯನ್ನೇ ಮತ್ತೆ ಚರ್ಚೆಗೆ ತೆಗೆದುಕೊಳ್ಳುತ್ತೇವೆ. ತೀರ್ಮಾನಕ್ಕೆ ಬಾರದ ಸಂಖ್ಯೆಯನ್ನು ಹೊತ್ತುಕೊಂಡು ತಿರುಗಿ ಪ್ರಯೋಜನವಿಲ್ಲ.

ಹೊಸ ಪ್ರಾಡಕ್ಟ್‌ಗೆ ಇದು ಹೀಗೇ ನಡೆಯುವುದಿಲ್ಲ, ಯಾಕಂದರೆ ಆರಂಭದ ಗೆರೆಯೇ ಇರುವುದಿಲ್ಲ. ಸಣ್ಣ ಹೋಟೆಲ್‌ಗಳಿಗೂ ಸಾಮಾನು ಕೊಡಬಹುದೇ ಅಂತ ನೋಡಲು ಒಬ್ಬರಿಗೆ ಒಪ್ಪಿಸಿದಾಗ ಶೇಕಡಾವಾರು ಗುರಿ ಬರೆಯಲಿಲ್ಲ. ಉತ್ತರ ಬೇಕಾದ ಪ್ರಶ್ನೆ ಮತ್ತು ತಾರೀಕು ಬರೆದೆವು: ದರದಲ್ಲಿ ರಿಯಾಯಿತಿ ಕೊಡದೆ ಹೋಟೆಲ್‌ನವರು ಎರಡನೇ ಸಲ, ಮೂರನೇ ಸಲ ನಮ್ಮ ಹತ್ತಿರ ಬರುತ್ತಾರೆಯೇ? ಕನಿಷ್ಠ ಎಷ್ಟು ಜನ ಬಂದರೆ ‘ಹೌದು’ ಅನ್ನುತ್ತೇವೆ ಅಂತಲೂ ಮೊದಲೇ ಗೊತ್ತುಮಾಡಿಕೊಂಡೆವು. ಅವರು ಕ್ವಾರ್ಟರ್ ಮುಗಿಯುವ ಮೊದಲೇ ಬಂದು, ಹೋಟೆಲ್‌ನವರಿಗೆ ಬೆಳಗಿನ ಜಾವವೇ ತರಕಾರಿ, ಹಾಲು ಬೇಕು, ನಮ್ಮ ಗಾಡಿ ಹೊರಡುವುದು ಹತ್ತು ಗಂಟೆಗೆ, ಈ ದಾರಿ ನಮ್ಮದಲ್ಲ ಅಂತ ಸಂಖ್ಯೆ ಸಮೇತ ತೋರಿಸಿದರು. ಕೆಲಸ ಅಲ್ಲಿಗೆ ನಿಲ್ಲಿಸಿದೆವು. ಶೀಟ್‌ನಲ್ಲಿ ಅವರ ಗುರಿಯ ಮುಂದೆ ‘ಮುಟ್ಟಿದೆ’ ಅಂತ ಬರೆದು, ಆ ತಂಡವನ್ನು ಹುಡುಕಾಟದ ಕೆಲಸಕ್ಕೆ ಕೊಟ್ಟೆವು.